ಮರಳುವ ದಾರಿಯ ಎಣ್ಣೆ

ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೊರಡುವ ಬೋಟು ಐಸು, ಅಕ್ಕಿ, ಕುಡಿಯುವ ನೀರಿನ ಜೊತೆ ಸಾವಿರಾರು ಲೀಟರ್ ಡೀಸೆಲ್ ತುಂಬಿಕೊಳ್ಳುತ್ತದೆ. ಎಂಟು–ಹತ್ತು ದಿನ ದಡ ಕಾಣದ ದುಡಿಮೆ ಅದು. ಮೀನು ಎಲ್ಲಿ ಸಿಕ್ಕೀತು ಎಂದು ಹೊರಡುವಾಗ ಯಾರೂ ಹೇಳಲಾರರು. ಆದರೆ ಎಲ್ಲಿದ್ದರೂ ಮರಳಿ ಅಳಿವೆ ಸೇರಲು ಎಷ್ಟು ಎಣ್ಣೆ ಬೇಕೆಂಬುದು ಬೋಟು ನಡೆಸುವ ತಾಂಡೇಲನ ತಲೆಯಲ್ಲಿ ಇರಲೇಬೇಕು.

ಸಣ್ಣ ವಿಮಾನದಲ್ಲಿ ಕಡಲು ದಾಟುವ ಪೈಲಟ್‌ಗಳದೂ ಇದೇ ಲೆಕ್ಕ. 2019ರ ಮೇ ತಿಂಗಳಲ್ಲಿ ಭಾರತದ ಪೈಲಟ್ ಆರೋಹಿ ಪಂಡಿತ್ ಹಗುರ ವಿಮಾನದಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದಾಗ, ಸ್ಕಾಟ್ಲೆಂಡಿನಿಂದ ಕೆನಡಾ ತಲುಪುವ ನಡುವೆ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ಗಳಲ್ಲಿ ಇಳಿದೇ ಮುಂದುವರಿದರು.

ಲೆಕ್ಕ ಹೀಗೆ. ಗಂಟೆಗೆ 200 ಕಿ.ಮೀ. ವೇಗದ ವಿಮಾನದಲ್ಲಿ, ಮೀಸಲು ಬಿಟ್ಟು, 8 ಗಂಟೆಯ ಇಂಧನವಿದೆ ಎನ್ನಿ. ಗಾಳಿಯಿಲ್ಲದಿದ್ದರೆ 4 ಗಂಟೆ ಮುಂದೆ ಹೋಗಿ ಹಿಂದಿರುಗಬಹುದು. 50 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ಹೋಗುವ ವೇಗ 250, ಮರಳುವಾಗ 150. ಆಗ 3 ಗಂಟೆಗೇ ತಿರುಗಬೇಕು. ಆ 750 ಕಿ.ಮೀ. ಮರಳಲು ಉಳಿದ 5 ಗಂಟೆಯೂ ಬೇಕು. ಹೋಗುವಾಗ ನೆರವಾದ ಗಾಳಿಯೇ ಬರುವಾಗ ಎಣ್ಣೆ ಕುಡಿಯುತ್ತದೆ. ಮೀಸಲು ಇದರಿಂದ ಹೊರಗೆ: ಕಣ್ಣಳತೆಯಲ್ಲಿ ಹಾರುವ ವಿಮಾನಕ್ಕೆ ಹಗಲಿನಲ್ಲಿ 30 ನಿಮಿಷ, ರಾತ್ರಿ 45 ನಿಮಿಷ. ಇಳಿಯಬೇಕಾದ ನಿಲ್ದಾಣ ಮುಚ್ಚಿದರೆ ಬದಲಿ ನಿಲ್ದಾಣ ಸೇರುವಷ್ಟು ಇಂಧನವೂ ಬೇಕು.

ನಮ್ಮ ಕರಾವಳಿಯಲ್ಲಿ ಬದಲಿ ನಿಲ್ದಾಣದ ಪ್ರಶ್ನೆ ಹುಟ್ಟುವುದು ಅಳಿವೆಯಲ್ಲಿ. ಗಂಗೊಳ್ಳಿಯಾಗಲಿ, ಬ್ರಹ್ಮಾವರ ತಾಲ್ಲೂಕಿನ ಕೋಡಿಬೆಂಗ್ರೆಯಾಗಲಿ, ಹೂಳು ತುಂಬಿದ ಅಳಿವೆಯಲ್ಲಿ ಅಲೆ ಎದ್ದರೆ ಬೋಟು ಹೊರಗೇ ಕಾಯಬೇಕು, ಇಲ್ಲವೇ ಮಲ್ಪೆಯತ್ತ ಹೋಗಬೇಕು. ಎರಡಕ್ಕೂ ಡೀಸೆಲ್ ಸುಡುತ್ತದೆ.

ಈ ಮೀಸಲು ಮೊದಲು ಕರಗುವುದು ದಡದಲ್ಲೇ. ಮೀನು ಮಾರಿದ ಹಣದಲ್ಲಿ ಎಣ್ಣೆಯ ಖರ್ಚು ಕಳೆದ ಮೇಲೆಯೇ ಪಾಲು. ಹಾಗಾಗಿ ಡೀಸೆಲ್ ದರ ಏರಿದಷ್ಟೂ ಕಡಿಮೆ ತುಂಬಿಸುವ ಆಸೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಡದಲ್ಲಿದ್ದಾಗ ಕಡಲಿಗಿಳಿಯುವ ಉಪ್ಪುಂದ, ಕೊಡೇರಿ, ಮರವಂತೆಯ ನಾಡದೋಣಿಗಳ ಪಾಡು ಇನ್ನೂ ಬಿಗಿ. ಅವುಗಳ ಔಟ್‌ಬೋರ್ಡ್ ಎಂಜಿನ್‌ಗೆ ಬೇಕಾದ ಸಬ್ಸಿಡಿ ಸೀಮೆಎಣ್ಣೆ ತಡವಾದರೆ, ಇದ್ದ ಕ್ಯಾನಿನಲ್ಲೇ ಹೋಗಿ ಬರಬೇಕು. ಅದೂ ಮಳೆಗಾಲದ ಕಡಲಿನಲ್ಲಿ.

ಆದ್ದರಿಂದ ಮೀನುಗಾರರಿಗೆ ಕೊಡುವ ಕರರಹಿತ ಡೀಸೆಲನ್ನೂ ಸೀಮೆಎಣ್ಣೆಯನ್ನೂ ಬರೀ ರಿಯಾಯಿತಿ ಎಂದು ಎಣಿಸಬಾರದು. ಲೈಫ್ ಜಾಕೆಟ್‌ನಷ್ಟೇ ಅವೂ ಸುರಕ್ಷತೆಯ ಸಾಮಗ್ರಿ. ಹಂಚಿಕೆ ಋತು ಶುರುವಾಗುವ ಮೊದಲೇ ದೋಣಿ ತಲುಪಬೇಕು, ಅಳಿವೆಯ ಹೂಳು ಮಳೆಗೆ ಮುನ್ನವೇ ತೆಗೆಯಬೇಕು. ಬಂದರು ಸೇರಿದ ಬೋಟಿನಲ್ಲಿ ಎಣ್ಣೆ ಉಳಿದಿದ್ದರೆ ಅದು ದಂಡವಲ್ಲ, ತಾಂಡೇಲನ ಲೆಕ್ಕ ಸರಿಯಾಗಿತ್ತು ಎಂದರ್ಥ.