ಮಾತಿಲ್ಲದ ಸಂಗೀತವೂ ಕೇಳುಗನೂ

ಪದಗಳಿಲ್ಲದ ಸಂಗೀತ ಕೇಳಿಬಂದಾಗ ಒಬ್ಬರು ‘ಹಾಡು ಎಲ್ಲಿ?’ ಎನ್ನುವರು, ಮತ್ತೊಬ್ಬರು ಕಣ್ಣುಮುಚ್ಚಿ ಚಿತ್ರವನ್ನೇ ಕಾಣುವರು. ಈ ಭೇದಕ್ಕೆ ಕಾರಣವೇನು?

ಅಮೆರಿಕದಲ್ಲಿ 1960ರ ದಶಕದಲ್ಲಿ ರೂಪುಗೊಂಡ ‘ಫಂಕ್’ ಶೈಲಿಯಲ್ಲಿ ಲಯವೇ ಪ್ರಧಾನ. ಆವರ್ತದ ಮೊದಲ ಪೆಟ್ಟಿಗೆ ವಿಶೇಷ ಒತ್ತು. ಐಸಾಕ್ ಹೇಯ್ಸ್ ‘ಶಾಫ್ಟ್’ (1971) ಚಿತ್ರಕ್ಕೆ ರಚಿಸಿದ ಶೀರ್ಷಿಕೆ ಗೀತೆಯಲ್ಲಿ ಎರಡು ನಿಮಿಷಕ್ಕೂ ಮಿಗಿಲಾಗಿ ವಾದ್ಯಗಳೇ ಮಾತನಾಡುತ್ತವೆ.

ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ (1986) ಧಾರಾವಾಹಿಗೆ ಎಲ್. ವೈದ್ಯನಾಥನ್ ನೀಡಿದ ಸಂಗೀತ ಫಂಕ್ ಅಲ್ಲ. ಆದರೆ ಅಲ್ಲಿಯೂ ಕಂಠವು ಅರ್ಥರಹಿತ ಅಕ್ಷರಗಳನ್ನು ಹಾಡಿ ತಾನೇ ವಾದ್ಯವಾಗುತ್ತದೆ. ಕಥೆಯನ್ನು ಬಲ್ಲ ನಮಗೆ ಅಲ್ಲಿ ಪದದ ಕೊರತೆ ತೋರದು. ಕಥೆ ತಿಳಿಯದಲ್ಲಿ ಕೇಳುಗನೇ ಅದನ್ನು ಕಟ್ಟಿಕೊಳ್ಳಬೇಕು. ಆ ಶ್ರಮಕ್ಕೆ ಒಪ್ಪದವನಿಗೆ ಬೇಸರ ಸಹಜ.

ಆದುದರಿಂದ, ಮಿತ್ರರೇ, ‘ನೀರಸ’ವೆಂದು ತೀರ್ಪು ಕೊಡುವ ಮುನ್ನ ಇನ್ನೊಮ್ಮೆ ಕಿವಿಗೊಡೋಣ. ಲಯವನ್ನು ಹಿಡಿದರೆ ಚಿತ್ರ ತಾನಾಗಿ ಮೂಡೀತು.