ಉತ್ತರ ಕೊಡುವ ಹಕ್ಕು
ಗ್ರಾಹಕನ ಮಾತಿಗೂ ಪತ್ರಿಕೆಯಲ್ಲಿ ಜಾಗ ಕೊಡಿಸಿದ ಹದಿನಾಲ್ಕು ವರ್ಷಗಳ ವ್ಯಾಜ್ಯ

ಸಂಸ್ಥೆಯೊಂದರ ಮೇಲೆ ಗ್ರಾಹಕ ಆರೋಪ ಮಾಡುತ್ತಾನೆ. ಸಂಸ್ಥೆ ಅದಕ್ಕೆ ತನ್ನದೇ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸುತ್ತದೆ. ಆ ಉತ್ತರಕ್ಕೆ ಗ್ರಾಹಕ ಮತ್ತೆ ಹೇಳುವ ಮಾತನ್ನೂ ಅದೇ ಪತ್ರಿಕೆ ಅಚ್ಚು ಹಾಕಬೇಕೇ? ಮೇಲ್ನೋಟಕ್ಕೆ ಇದು ಸಂಪಾದಕರ ಮೇಜಿನ ಮೇಲೆ ಐದು ನಿಮಿಷದಲ್ಲಿ ತೀರ್ಮಾನವಾಗಬಹುದಾದ ಪ್ರಶ್ನೆ. ಆದರೆ ಭಾರತೀಯ ಜೀವ ವಿಮಾ ನಿಗಮ ಮತ್ತು ಅಹಮದಾಬಾದಿನ ಗ್ರಾಹಕ ಸಂಘಟನೆಯೊಂದರ ನಡುವೆ ಎದ್ದ ಇದೇ ಪ್ರಶ್ನೆ ಬಗೆಹರಿಯಲು ಹದಿನಾಲ್ಕು ವರ್ಷ ಹಿಡಿಯಿತು. 1978ರಲ್ಲಿ ಒಂದು ಅಧ್ಯಯನ ಪ್ರಬಂಧದಿಂದ ಆರಂಭವಾದ ವಾದ 1992ರ ಜುಲೈ 22ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಗ್ರಾಹಕರ ಪರವಾಗಿ ನಿಂತವರು ಕೇಳಿದ್ದು ಪತ್ರಿಕೆಯಲ್ಲಿ ಒಂದು ಲೇಖನಕ್ಕೆ ಬೇಕಾಗುವಷ್ಟು ಜಾಗವನ್ನು ಮಾತ್ರ.

ವಾಕ್ ಸ್ವಾತಂತ್ರ್ಯ ಎಂದೊಡನೆ ರಾಜಕೀಯ ಭಾಷಣ, ಪತ್ರಿಕೆಗಳ ಸೆನ್ಸಾರ್, ಚಲನಚಿತ್ರಗಳ ಮೇಲಿನ ನಿಷೇಧ ನೆನಪಾಗುತ್ತವೆ. ಕಂತು ಕಟ್ಟುವ ಸಾಮಾನ್ಯ ಪಾಲಿಸಿದಾರನಿಗೂ ಆ ಸ್ವಾತಂತ್ರ್ಯಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟದ್ದು ಈ ಮೊಕದ್ದಮೆ.

ಆಯ್ಕೆಯಿಲ್ಲದ ಗ್ರಾಹಕ

ಜೀವ ವಿಮಾ ನಿಗಮ ಸ್ಥಾಪನೆಯಾದದ್ದು 1956ರ ಸೆಪ್ಟೆಂಬರ್ 1ರಂದು. ಅಂದು 245 ವಿಮಾ ಕಂಪನಿಗಳು ಹಾಗೂ ಪ್ರಾವಿಡೆಂಟ್ ಸೊಸೈಟಿಗಳ ವಹಿವಾಟನ್ನು ಒಟ್ಟುಗೂಡಿಸಿ ಸರ್ಕಾರ ಅದನ್ನು ಒಂದೇ ನಿಗಮದ ಕೈಗೆ ಒಪ್ಪಿಸಿತು. ಸರ್ಕಾರಿ ನೌಕರರಿಗೆ ಅಂಚೆ ಜೀವ ವಿಮೆಯ ಸೌಲಭ್ಯ ಇತ್ತಾದರೂ, ಉಳಿದ ಜನರು ಜೀವ ವಿಮೆ ಬೇಕೆಂದರೆ ನಿಗಮದ ಬಾಗಿಲನ್ನೇ ತಟ್ಟಬೇಕಿತ್ತು. 2000ನೇ ಇಸವಿಯಲ್ಲಿ ಖಾಸಗಿ ಕಂಪನಿಗಳಿಗೆ ಮತ್ತೆ ಪ್ರವೇಶ ದೊರೆಯುವವರೆಗೂ ಇದೇ ಸ್ಥಿತಿ ಮುಂದುವರಿಯಿತು.

ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿ 1962ರ ಮಾರ್ಚ್ 15ರಂದು ಅಲ್ಲಿನ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ ಗ್ರಾಹಕನ ನಾಲ್ಕು ಹಕ್ಕುಗಳನ್ನು ಹೆಸರಿಸಿದರು: ಸುರಕ್ಷತೆ, ಮಾಹಿತಿ, ಆಯ್ಕೆ, ಮತ್ತು ತನ್ನ ಮಾತನ್ನು ಹೇಳಿ ಕೇಳಿಸಿಕೊಳ್ಳುವ ಹಕ್ಕು. ಮಾರ್ಚ್ 15ನ್ನು ವಿಶ್ವ ಗ್ರಾಹಕ ಹಕ್ಕುಗಳ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ. ಬೇಳೆ ಚೆನ್ನಾಗಿಲ್ಲದಿದ್ದರೆ ಗ್ರಾಹಕ ಪಕ್ಕದ ಅಂಗಡಿಗೆ ಹೋಗಬಹುದು. ಪಕ್ಕದ ಅಂಗಡಿಯೇ ಇಲ್ಲದಿದ್ದಾಗ ಆತನಿಗೆ ಉಳಿಯುವುದು ಬಾಯಿ ಒಂದೇ. 1970ರ ದಶಕದ ವಿಮಾ ಗ್ರಾಹಕನ ಸ್ಥಿತಿ ಇದಾಗಿತ್ತು.

ವಿಮೆಯ ಕಂತು ನಿಗದಿಯಾಗುವ ಬಗೆಯೂ ಸಾಮಾನ್ಯರ ಕಣ್ಣಿಗೆ ಬೀಳುವಂಥದ್ದಲ್ಲ. ಅದಕ್ಕೆ ಮೂರು ಲೆಕ್ಕಗಳು ಆಧಾರ. ಯಾವ ವಯಸ್ಸಿನವರಲ್ಲಿ ಸಾವಿರಕ್ಕೆ ಎಷ್ಟು ಮಂದಿ ವರ್ಷವೊಂದರಲ್ಲಿ ಸಾಯುತ್ತಾರೆ ಎಂಬ ಮರಣ ಪ್ರಮಾಣದ ಕೋಷ್ಟಕ ಮೊದಲನೆಯದು. ಸಂಗ್ರಹವಾದ ಹಣಕ್ಕೆ ಬರುವ ಬಡ್ಡಿ ಎರಡನೆಯದು. ಸಂಸ್ಥೆಯ ಆಡಳಿತ ವೆಚ್ಚ ಮೂರನೆಯದು. ಭಾರತೀಯರ ಸರಾಸರಿ ಆಯುಷ್ಯ 1951ರ ಸುಮಾರಿಗೆ 32 ವರ್ಷವಿದ್ದದ್ದು 1970ರ ದಶಕದ ನಡುವಿನ ಹೊತ್ತಿಗೆ 50ರ ಸಮೀಪಕ್ಕೆ ಬಂದಿತ್ತು. ಜನರ ಆಯುಷ್ಯ ಹೆಚ್ಚಿದಂತೆ ಕೋಷ್ಟಕ ಬದಲಾಗಬೇಕು, ಕಂತು ಇಳಿಯಬೇಕು. ಅದು ಇಳಿದಿದೆಯೇ, ಇಳಿಯದಿದ್ದರೆ ಏಕೆ ಎಂದು ಕೇಳಲು ಅಂಕಿಅಂಶ ಬಲ್ಲವರೇ ಬೇಕು.

ಲೇಖನ, ಉತ್ತರ, ಪ್ರತ್ಯುತ್ತರ

ಆ ಕೆಲಸಕ್ಕೆ ಇಳಿದವರು ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಪ್ರೊ. ಮನುಭಾಯಿ ಶಾ. ಕೇಂದ್ರದ ಕಾರ್ಯನಿರ್ವಾಹಕ ಟ್ರಸ್ಟಿಯಾಗಿದ್ದ ಅವರು 1978ರ ಜುಲೈನಲ್ಲಿ ಇಂಗ್ಲಿಷಿನಲ್ಲಿ ಒಂದು ಅಧ್ಯಯನ ಪ್ರಬಂಧ ಸಿದ್ಧಪಡಿಸಿ ಹಂಚಿದರು. ಪಾಲಿಸಿದಾರರಿಗೆ ಮೋಸವಾಗುತ್ತಿದೆ ಎಂಬ ಅರ್ಥದ ಖಾರವಾದ ಶೀರ್ಷಿಕೆ ಅದಕ್ಕಿತ್ತು. ನಿಗಮ ಅತಿಯಾದ ಕಂತು ವಸೂಲು ಮಾಡುತ್ತಿದೆ, ಅದರಿಂದಾಗಿ ದೇಶದ ಬಹುಪಾಲು ಜನರಿಗೆ ವಿಮೆ ಕೈಗೆಟುಕದಂತಾಗಿದೆ ಎಂಬುದು ಪ್ರಬಂಧದ ಮುಖ್ಯ ಆರೋಪವಾಗಿತ್ತು.

ನಿಗಮ ಸುಮ್ಮನಿರಲಿಲ್ಲ. ಅದರ ಅಧಿಕಾರಿಯೊಬ್ಬರು ‘ದಿ ಹಿಂದೂ’ ದಿನಪತ್ರಿಕೆಯಲ್ಲಿ ಲೇಖನ ಬರೆದು ಶಾ ಅವರ ತೀರ್ಮಾನಗಳನ್ನು ಅಲ್ಲಗಳೆದರು. ಶಾ ಅದಕ್ಕೆ ಪ್ರತ್ಯುತ್ತರ ಬರೆದರು. ಅದನ್ನೂ ‘ದಿ ಹಿಂದೂ’ ಪ್ರಕಟಿಸಿತು. ಇಲ್ಲಿಗೆ ಎರಡು ಕಡೆಯ ವಾದವೂ ಒಂದೇ ಓದುಗರ ಮುಂದೆ ಬಂದಂತಾಯಿತು. ವಾದ ಇಷ್ಟಕ್ಕೇ ನಿಂತಿದ್ದರೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಿಗಮಕ್ಕೆ ‘ಯೋಗಕ್ಷೇಮ’ ಎಂಬ ತನ್ನದೇ ಆದ ಪತ್ರಿಕೆಯಿತ್ತು. ಭಗವದ್ಗೀತೆಯಿಂದ ಆಯ್ದ ನಿಗಮದ ಧ್ಯೇಯವಾಕ್ಯದಲ್ಲಿರುವ ಪದವೇ ಅದರ ಹೆಸರು. ಅಧಿಕಾರಿಯ ಲೇಖನವನ್ನು ನಿಗಮ ಈ ಪತ್ರಿಕೆಯಲ್ಲೂ ಮುದ್ರಿಸಿತು. ತಮ್ಮ ಪ್ರತ್ಯುತ್ತರವನ್ನೂ ಅದರಲ್ಲಿ ಮುದ್ರಿಸಬೇಕೆಂದು ಶಾ ಕೇಳಿದರು. ಇದು ಸಂಸ್ಥೆಯ ಆಂತರಿಕ ಪತ್ರಿಕೆ, ಹೊರಗಿನವರ ಲೇಖನ ಹಾಕಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ನಿಗಮ ನಿರಾಕರಿಸಿತು.

ವ್ಯಾಜ್ಯದ ಬೇರು ಇಲ್ಲಿದೆ. ‘ಯೋಗಕ್ಷೇಮ’ ಓದುವವರೆಲ್ಲ ‘ದಿ ಹಿಂದೂ’ ಓದುತ್ತಾರೆಂದು ಹೇಳಲಾಗದು. ನಿಗಮದ ಪತ್ರಿಕೆಯನ್ನು ಮಾತ್ರ ಓದಿದವರಿಗೆ ಉತ್ತರ ಸಿಕ್ಕಿತು, ಪ್ರತ್ಯುತ್ತರ ಸಿಗಲಿಲ್ಲ. ಬೇಕಾದರೆ ಬೇರೆಡೆ ಬರೆದುಕೊಳ್ಳಿ ಎನ್ನುವುದು, ಪಂಚಾಯಿತಿ ಕಟ್ಟೆಯ ಮೇಲೆ ಒಬ್ಬನ ದೂರು ಕೇಳಿ ಇನ್ನೊಬ್ಬನಿಗೆ ಪಕ್ಕದ ಊರಿನ ಕಟ್ಟೆಗೆ ಹೋಗಿ ಹೇಳಿಕೋ ಎಂದಂತೆ.

ನ್ಯಾಯಾಲಯಗಳು ಹೇಳಿದ್ದು

ಶಾ ಗುಜರಾತ್ ಹೈಕೋರ್ಟಿನ ಮೊರೆ ಹೋದರು. ಆಂತರಿಕ ಪತ್ರಿಕೆ ಎಂಬ ನಿಗಮದ ವಾದವನ್ನು ಹೈಕೋರ್ಟ್ ಒಪ್ಪಲಿಲ್ಲ. ಚಂದಾ ಕೊಟ್ಟ ಯಾರಿಗಾದರೂ ಪತ್ರಿಕೆ ಸಿಗುತ್ತಿತ್ತು. ಅದು ನಡೆಯುತ್ತಿದ್ದುದು ಸಾರ್ವಜನಿಕ ಹಣದಿಂದ. ಪ್ರತ್ಯುತ್ತರ ನಿರಾಕರಿಸಿದ್ದು ಸಂವಿಧಾನದ 14ನೇ ವಿಧಿ ಹೇಳುವ ಸಮಾನತೆಗೂ 19(1)(ಎ) ವಿಧಿ ನೀಡುವ ವಾಕ್ ಸ್ವಾತಂತ್ರ್ಯಕ್ಕೂ ವಿರುದ್ಧ ಎಂದು ತೀರ್ಪಾಯಿತು. ನಿಗಮ ಮೇಲ್ಮನವಿ ಸಲ್ಲಿಸಿತು.

ಸುಪ್ರೀಂ ಕೋರ್ಟಿನಲ್ಲಿ ಪ್ರಕರಣ ಆಲಿಸಿದವರು ನ್ಯಾಯಮೂರ್ತಿ ಎ.ಎಂ. ಅಹ್ಮದಿ ಹಾಗೂ ನ್ಯಾಯಮೂರ್ತಿ ಎಂ.ಎಂ. ಪುಂಛಿ. ನಿಗಮ ಕಾಯ್ದೆಯಿಂದ ಹುಟ್ಟಿದ್ದು. ಸಂವಿಧಾನದ ದೃಷ್ಟಿಯಲ್ಲಿ ಅದೂ ‘ಪ್ರಭುತ್ವ’ದ ಒಂದು ಅಂಗ. ಸಮುದಾಯದ ಹಿತಕ್ಕಾಗಿ ನಡೆಯಬೇಕಾದ ಸಂಸ್ಥೆ ಹಾಗೆ ನಡೆಯುತ್ತಿದೆಯೇ ಎಂದು ತಿಳಿಯುವ ಹಕ್ಕು ಸಮುದಾಯಕ್ಕಿದೆ. ಅಧಿಕಾರಿಯ ಲೇಖನ ಪ್ರಕಟಿಸಿದ ಮೇಲೆ ಶಾ ಅವರ ಉತ್ತರವನ್ನೂ ಪ್ರಕಟಿಸಿ, ಎರಡೂ ಅಭಿಪ್ರಾಯಗಳನ್ನು ಓದುಗರ ಮುಂದಿಟ್ಟು ತೀರ್ಮಾನ ಅವರಿಗೆ ಬಿಡುವುದು ನ್ಯಾಯ. ಇದು ಪೀಠದ ನಿಲುವಿನ ಸಾರ. ನಿಗಮದ ಮೇಲ್ಮನವಿ ವಜಾ ಆಯಿತು.

ಶಾ ಅವರ ಅಂಕಿಗಳು ಸರಿ, ನಿಗಮದ್ದು ತಪ್ಪು ಎಂಬ ತೀರ್ಪು ಇದಲ್ಲ ಎಂಬುದನ್ನು ಗಮನಿಸಬೇಕು. ಕಂತು ಹೆಚ್ಚೋ ಕಡಿಮೆಯೋ ಎಂಬ ಚರ್ಚೆಯನ್ನು ಮುಚ್ಚದೆ ತೆರೆದಿಡುವುದಷ್ಟೇ ಅದರ ಉದ್ದೇಶ. ಜೊತೆಗೆ ನ್ಯಾಯಾಲಯ ಎಚ್ಚರಿಕೆಯ ಮಾತನ್ನೂ ಆಡಿತು. ಪತ್ರಿಕೆ ಪಾಲಿಸಿದಾರರ ಹಣದಿಂದ ನಡೆಯುತ್ತದೆ ಎಂದ ಮಾತ್ರಕ್ಕೆ ಯಾವ ಪಾಲಿಸಿದಾರನೂ ತನ್ನ ಲೇಖನ ಪ್ರಕಟಿಸಲೇಬೇಕೆಂದು ಹಕ್ಕಿನಿಂದ ಕೇಳುವಂತಿಲ್ಲ. ಒಂದು ಪಕ್ಷವನ್ನು ಪ್ರಕಟಿಸಿ ಇನ್ನೊಂದನ್ನು ತಡೆದ ವಿಶೇಷ ಸಂದರ್ಭಕ್ಕೆ ಮಾತ್ರ ಈ ತೀರ್ಪು ಅನ್ವಯ.

ಭೋಪಾಲದ ಚಿತ್ರ

ಅದೇ ತೀರ್ಪಿನಲ್ಲಿ ಇನ್ನೊಂದು ಪ್ರಕರಣವೂ ಇತ್ಯರ್ಥವಾಯಿತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾದರು. ಆ ದುರಂತದ ಬಗ್ಗೆ ಸಿನಿಮಾರ್ಟ್ ಫೌಂಡೇಷನ್ ನಿರ್ಮಿಸಿದ ‘ಬಿಯಾಂಡ್ ಜೆನೊಸೈಡ್’ ಸಾಕ್ಷ್ಯಚಿತ್ರಕ್ಕೆ ಅತ್ಯುತ್ತಮ ಕಥೇತರ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ದೊರೆಯಿತು. ಆದರೆ ದೂರದರ್ಶನ ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಚಿತ್ರ ಹಳೆಯದಾಯಿತು, ಅದರಲ್ಲಿ ಸಮತೋಲನವಿಲ್ಲ, ಪರಿಹಾರದ ವಿಚಾರ ನ್ಯಾಯಾಲಯದ ಮುಂದಿದೆ ಎಂಬಿತ್ಯಾದಿ ಕಾರಣಗಳನ್ನು ನೀಡಿತು.

ಇವು ಪ್ರಸಾರ ತಡೆಯಲು ಸಾಕಾಗುವ ಕಾರಣಗಳಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರವನ್ನು ಟೀಕಿಸುತ್ತದೆ ಎಂಬುದು ಚಿತ್ರವನ್ನು ಮುಚ್ಚಿಡಲು ನೆಪವಾಗದು. ಆ ದಿನಗಳಲ್ಲಿ ದೇಶದೊಳಗಿನ ಟಿ.ವಿ. ಪ್ರಸಾರ ದೂರದರ್ಶನದ ಕೈಯಲ್ಲೇ ಇತ್ತು ಎಂಬುದನ್ನು ನೆನೆದರೆ, ವಿಮೆಯ ಪ್ರಕರಣಕ್ಕೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟವಾಗುತ್ತದೆ. ಎರಡರಲ್ಲೂ ಟೀಕೆಗೆ ಗುರಿಯಾದವರ ಕಡೆಗೇ ಸಾರ್ವಜನಿಕ ಹಣದಿಂದ ನಡೆಯುವ ಮಾಧ್ಯಮವೂ ಇತ್ತು.

ಗೆರೆ ಎಲ್ಲಿ?

ಹಾಗಾದರೆ ಖಾಸಗಿ ಪತ್ರಿಕೆಯೂ ಎಲ್ಲರ ಉತ್ತರವನ್ನು ಅಚ್ಚು ಹಾಕಬೇಕೇ? ಅಮೆರಿಕದ ಫ್ಲಾರಿಡಾ ರಾಜ್ಯ ಹಾಗೆಂದು 1913ರಲ್ಲೇ ಕಾಯ್ದೆ ಮಾಡಿತ್ತು. ಚುನಾವಣಾ ಅಭ್ಯರ್ಥಿಯನ್ನು ಟೀಕಿಸಿದ ಪತ್ರಿಕೆ ಅವನ ಉತ್ತರವನ್ನು ಪುಕ್ಕಟೆಯಾಗಿ ಪ್ರಕಟಿಸಬೇಕು ಎಂಬುದು ಅದರ ತಾತ್ಪರ್ಯ. ‘ಮಯಾಮಿ ಹೆರಾಲ್ಡ್’ ಪತ್ರಿಕೆಗೂ ಪ್ಯಾಟ್ ಟೋರ್ನಿಲೊ ಎಂಬ ಅಭ್ಯರ್ಥಿಗೂ ನಡೆದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ಆ ಕಾಯ್ದೆಯನ್ನು ಒಮ್ಮತದಿಂದ ರದ್ದುಪಡಿಸಿತು. ಏನನ್ನು ಅಚ್ಚು ಹಾಕಬೇಕು ಎಂಬುದು ಸಂಪಾದಕರ ವಿವೇಚನೆ. ಕಾಯ್ದೆ ಅಲ್ಲಿ ಕೈ ಹಾಕಿದರೆ ಪತ್ರಿಕೆಗಳು ರಗಳೆಯೇ ಬೇಡವೆಂದು ಟೀಕೆಯನ್ನೇ ಬಿಟ್ಟಾವು ಎಂಬುದು ಅದರ ತರ್ಕ.

ಮೇಲ್ನೋಟಕ್ಕೆ ಎರಡು ತೀರ್ಪುಗಳೂ ಪರಸ್ಪರ ವಿರುದ್ಧ. ಆದರೆ ಪತ್ರಿಕೆ ಯಾರದು ಎಂದು ಕೇಳಿದರೆ ವಿರೋಧ ಕರಗುತ್ತದೆ. ಖಾಸಗಿ ಪತ್ರಿಕೆಗೆ ತನ್ನದೇ ಆದ ವಾಕ್ ಸ್ವಾತಂತ್ರ್ಯವಿದೆ. ಪ್ರಭುತ್ವದ ಅಂಗವಾದ ಸಂಸ್ಥೆ ಆ ಸ್ವಾತಂತ್ರ್ಯವನ್ನು ನಾಗರಿಕನ ವಿರುದ್ಧವೇ ಗುರಾಣಿಯಾಗಿ ಹಿಡಿಯುವಂತಿಲ್ಲ. ಭಾರತದಲ್ಲೂ ಖಾಸಗಿ ಪತ್ರಿಕೆಗಳ ವಿಷಯದಲ್ಲಿ ಉತ್ತರದ ಹಕ್ಕು ನೀತಿಸಂಹಿತೆಯ ಮಟ್ಟದಲ್ಲೇ ಉಳಿದಿದೆ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆ ಮಂಡಳಿಗೆ ಎಚ್ಚರಿಸುವ, ಖಂಡಿಸುವ ಅಧಿಕಾರ ಕೊಟ್ಟಿದೆ. ದಂಡ ಹಾಕುವ ಅಧಿಕಾರ ಕೊಟ್ಟಿಲ್ಲ.

ಟೀಕೆಯ ಬೆಲೆ

ಎದುರಾಳಿ ಖಾಸಗಿ ಕಂಪನಿಯಾದಾಗ ಗ್ರಾಹಕನಿಗೆ ಎದುರಾಗುವ ದೊಡ್ಡ ಭಯ ಮಾನನಷ್ಟ ಮೊಕದ್ದಮೆಯದು. ಇಂಗ್ಲೆಂಡಿನಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿಯನ್ನು ಟೀಕಿಸುವ ಕರಪತ್ರ ಹಂಚಿದ್ದಕ್ಕೆ ಹೆಲೆನ್ ಸ್ಟೀಲ್ ಮತ್ತು ಡೇವ್ ಮಾರಿಸ್ ಎಂಬ ಇಬ್ಬರು ಕಾರ್ಯಕರ್ತರು ಕಟಕಟೆ ಏರಬೇಕಾಯಿತು. 1994ರಲ್ಲಿ ಆರಂಭವಾದ ವಿಚಾರಣೆ 300ಕ್ಕೂ ಹೆಚ್ಚು ದಿನ ನಡೆದು, ಆ ದೇಶದ ಇತಿಹಾಸದಲ್ಲೇ ಅತಿ ದೀರ್ಘ ಎನ್ನಿಸಿಕೊಂಡಿತು. ವಕೀಲರನ್ನು ಇಟ್ಟುಕೊಳ್ಳಲು ಅವರಲ್ಲಿ ಹಣವಿರಲಿಲ್ಲ, ಸರ್ಕಾರದ ಕಾನೂನು ನೆರವೂ ಸಿಗಲಿಲ್ಲ. ಬಹುಮಟ್ಟಿಗೆ ತಾವೇ ವಾದಿಸಿದರು. 1997ರ ತೀರ್ಪು ಕರಪತ್ರದ ಕೆಲವು ಮಾತುಗಳು ನಿಜವೆಂದೂ ಕೆಲವು ಸುಳ್ಳೆಂದೂ ಹೇಳಿ, ಅವರಿಗೆ 60,000 ಪೌಂಡ್ ಪರಿಹಾರದ ಹೊರೆ ಹೊರಿಸಿತು. 2005ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ನೆರವು ನಿರಾಕರಿಸಿದ್ದರಿಂದ ನ್ಯಾಯಯುತ ವಿಚಾರಣೆಯ ಹಕ್ಕಿಗೂ ವಾಕ್ ಸ್ವಾತಂತ್ರ್ಯಕ್ಕೂ ಧಕ್ಕೆಯಾಗಿದೆ ಎಂದು ತೀರ್ಮಾನಿಸಿತು.

ಭಾರತದಲ್ಲಿ ಮಾನನಷ್ಟ ಈಗಲೂ ಶಿಕ್ಷಾರ್ಹ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಹಳೆಯ ದಂಡ ಸಂಹಿತೆಯ ಈ ನಿಯಮವನ್ನು ಮುಂದುವರಿಸಿದೆ. ಆದರೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಅಪರಾಧವಲ್ಲ ಎಂಬ ವಿನಾಯಿತಿಯೂ ಅದರಲ್ಲಿದೆ. ಗ್ರಾಹಕನಿಗೆ ಇದರಲ್ಲಿ ಒಂದು ಪಾಠವಿದೆ. ‘ಇಂಥ ದಿನ ಕೊಂಡ ಯಂತ್ರ ಇಷ್ಟು ದಿನಕ್ಕೆ ಕೆಟ್ಟಿತು, ರಸೀದಿ ಇಲ್ಲಿದೆ’ ಎನ್ನುವವನ ಕಾಲ ಕೆಳಗೆ ನೆಲವಿದೆ. ‘ಅವರೆಲ್ಲ ಕಳ್ಳರು’ ಎನ್ನುವವನಿಗೆ ಆ ನೆಲ ಸಿಗುವುದು ಕಷ್ಟ. ನ್ಯಾಯಯುತ ಚರ್ಚೆಯ ಹೊಣೆ ಟೀಕಿಸುವವರ ಮೇಲೂ ಇದೆ.

ವಾದದ ಫಲ

ಜೀವ ವಿಮಾ ನಿಗಮ ಮತ್ತು ಅಹಮದಾಬಾದಿನ ಕೇಂದ್ರ 1995ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೊಂದು ತೀರ್ಪಿಗೆ ಕಾರಣವಾದವು. ಕಡಿಮೆ ಕಂತಿನ ಅವಧಿ ವಿಮೆಯೊಂದನ್ನು ನಿಗಮ ಸರ್ಕಾರಿ, ಅರೆಸರ್ಕಾರಿ ಹಾಗೂ ಹೆಸರಾಂತ ವಾಣಿಜ್ಯ ಸಂಸ್ಥೆಗಳ ನೌಕರರಿಗೆ ಮಾತ್ರ ಮೀಸಲಿಟ್ಟಿತ್ತು. ರೈತ, ಸಣ್ಣ ವ್ಯಾಪಾರಿ, ಕೂಲಿಕಾರರನ್ನು ಹೊರಗಿಡುವ ಈ ಷರತ್ತು ಸಂವಿಧಾನಬಾಹಿರ ಎಂದು ನ್ಯಾಯಾಲಯ ಅದನ್ನು ತೆಗೆದುಹಾಕಿತು. ವಿಮೆ ಬಹುಜನರ ಕೈಗೆಟುಕುತ್ತಿಲ್ಲ ಎಂದು 1978ರ ಪ್ರಬಂಧ ಎತ್ತಿದ್ದ ದೂರಿಗೆ ಒಂದು ಮುಖದಲ್ಲಿ ಉತ್ತರ ದೊರೆತದ್ದು ಹೀಗೆ.

ಗ್ರಾಹಕನ ಮಾತು ಕೇಳಿಸಿಕೊಳ್ಳಬೇಕೆಂಬ ಹಕ್ಕು 1986ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಸೇರಿತು. ಅದರ ಬದಲಿಗೆ ಬಂದು 2020ರ ಜುಲೈನಲ್ಲಿ ಜಾರಿಯಾದ 2019ರ ಕಾಯ್ದೆಯಲ್ಲೂ ಉಳಿದಿದೆ. ಇಂದು ಕಂಪನಿಗಳು ಗ್ರಾಹಕರ ಅಭಿಪ್ರಾಯವನ್ನು ತಮ್ಮ ಮಾರಾಟದ ಪುಟಗಳಲ್ಲೇ ಪ್ರಕಟಿಸುತ್ತವೆ. ಅಂಥ ಅಭಿಪ್ರಾಯಗಳ ಸಂಗ್ರಹ ಮತ್ತು ಪ್ರಕಟಣೆಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ರೂಪಿಸಿತು. ಅದನ್ನು ಪಾಲಿಸುವುದು ಸ್ವಯಂಪ್ರೇರಿತವೆಂದು ಅಂದು ಪ್ರಕಟಿಸಲಾಯಿತು. ಹೊಗಳಿಕೆಯನ್ನು ಉಳಿಸಿ ತೆಗಳಿಕೆಯನ್ನು ಅಳಿಸುವ ಪುಟಕ್ಕೂ, ಅಧಿಕಾರಿಯ ಲೇಖನ ಹಾಕಿ ಶಾ ಅವರದನ್ನು ಹಿಂತಿರುಗಿಸಿದ ‘ಯೋಗಕ್ಷೇಮ’ಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ನಿಗಮದ ವಿರುದ್ಧ ಸಂವಿಧಾನದ 19ನೇ ವಿಧಿ ಶಾ ಅವರ ನೆರವಿಗೆ ಬಂದಿತ್ತು. ಖಾಸಗಿ ಮಾರಾಟಗಾರನೆದುರು ಅದೇ ಅಸ್ತ್ರ ಹಿಡಿಯುವುದು ಗ್ರಾಹಕನಿಗೆ ಅಷ್ಟು ಸುಲಭವಲ್ಲ. ಅಲ್ಲಿ ಆತನಿಗೆ ಹತ್ತಿರವಿರುವುದು ಗ್ರಾಹಕ ಆಯೋಗದ ಬಾಗಿಲು, ಮತ್ತು ಜೋಪಾನವಾಗಿ ಎತ್ತಿಟ್ಟುಕೊಂಡ ರಸೀದಿ.