ರುಚಿ ಕೆಟ್ಟಿದೆಯೋ, ಆಹಾರವೇ ಕೆಟ್ಟಿದೆಯೋ?

ಮಕ್ಕಳೇ, ಎಷ್ಟೇ ಎಚ್ಚರದಿಂದ ಅಡುಗೆ ಮಾಡಿದರೂ ಒಮ್ಮೊಮ್ಮೆ ಸಾರಿಗೆ ಉಪ್ಪು ಹೆಚ್ಚಾಗುತ್ತದೆ. ದೋಸೆ ಹಿಟ್ಟು ಹುಳಿಯಾಗುತ್ತದೆ. ಕಾಯಿಸಲು ಇಟ್ಟ ಹಾಲು ಒಡೆಯುತ್ತದೆ. ಇದನ್ನೆಲ್ಲ ಚೆಲ್ಲಿದರೆ ಬೆಳೆದವರ ಶ್ರಮ, ಕೊಟ್ಟ ಹಣ, ಉರಿಸಿದ ಇಂಧನ ಎಲ್ಲವೂ ವ್ಯರ್ಥ. ಹಾಗೆಂದು ಕೆಟ್ಟದ್ದೆಲ್ಲವನ್ನೂ ತಿನ್ನಲೂ ಆಗದು. ಯಾವುದನ್ನು ಉಳಿಸಿಕೊಳ್ಳಬಹುದು? ಯಾವುದನ್ನು ಎಸೆಯಲೇಬೇಕು? ಬನ್ನಿ, ತಿಳಿಯೋಣ.

ಉಪ್ಪು ಹೆಚ್ಚಾದ ಸಾರು

ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ, ಅದು ಉಪ್ಪನ್ನು ಹೀರುತ್ತದೆ ಎನ್ನುವವರುಂಟು. ಆದರೆ ಆಲೂಗಡ್ಡೆ ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ, ಉಪ್ಪುನೀರನ್ನೇ ಹೀರುತ್ತದೆ. ಉಳಿದ ಸಾರಿನ ಉಪ್ಪು ಹೆಚ್ಚೇನೂ ತಗ್ಗುವುದಿಲ್ಲ. 1 ಲೀಟರ್ ಸಾರಿಗೆ 20 ಗ್ರಾಂ ಉಪ್ಪು ಬಿದ್ದಿದೆ ಎಂದುಕೊಳ್ಳಿ. ಅದಕ್ಕೆ ಉಪ್ಪಿಲ್ಲದ ಬೇಳೆಕಟ್ಟು 1 ಲೀಟರ್ ಬೆರೆಸಿದರೆ, ಪ್ರತಿ ಲೀಟರಿನಲ್ಲಿ ಉಳಿಯುವುದು 10 ಗ್ರಾಂ ಮಾತ್ರ. ಉಪ್ಪು ಎಲ್ಲಿಗೂ ಹೋಗಿಲ್ಲ, ಹಂಚಿಕೊಂಡಿದೆ. ದ್ರಾವಣದ ಸಾರತೆ ಕಡಿಮೆಯಾಗುವುದು ಹೀಗೆ.

ಹುಳಿಯಾದ ಹಿಟ್ಟು

ದೋಸೆ ಹಿಟ್ಟಿನಲ್ಲಿರುವ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತವೆ. ಬೇಸಿಗೆಯಲ್ಲಿ ಅವು ಬೇಗ ಹೆಚ್ಚುವುದರಿಂದ ಹುಳಿಯೂ ಬೇಗ ಏರುತ್ತದೆ. ಇಂತಹ ಹಿಟ್ಟಿಗೆ ಅಕ್ಕಿಹಿಟ್ಟು ಸೇರಿಸಿದರೆ ಹುಳಿ ತಗ್ಗುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಅದು ಆಮ್ಲದ ಒಂದು ಭಾಗವನ್ನು ತಟಸ್ಥಗೊಳಿಸುತ್ತದೆ. ಆಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಪಡ್ಡು ಉಬ್ಬುತ್ತದೆ. ಸೋಡಾ ಹೆಚ್ಚಾದರೆ ಮಾತ್ರ ಸಾಬೂನಿನಂತಹ ರುಚಿ ಬರುತ್ತದೆ!

ಒಡೆದ ಹಾಲು

ಕಾಯಿಸುವುದು ತಡವಾದರೆ ಹಾಲಿನಲ್ಲೂ ಆಮ್ಲ ಉಂಟಾಗುತ್ತದೆ. ಆಮ್ಲಕ್ಕೆ ಶಾಖವೂ ಸೇರಿದಾಗ ಕೇಸೀನ್ ಎಂಬ ಪ್ರೋಟೀನ್ ಗಟ್ಟಿಯಾಗಿ ಬೇರ್ಪಡುತ್ತದೆ. ಅದು ಮರಳಿ ಹಾಲಾಗದು. ಆದರೆ ನಿಂಬೆರಸ ಹಿಂಡಿ ಪನೀರ್ ಮಾಡುವಾಗಲೂ ನಡೆಯುವುದು ಇದೇ ಬದಲಾವಣೆ. ಹಾಲು ಅಂದಿನದಾಗಿದ್ದು, ದುರ್ವಾಸನೆ, ಲೋಳೆ ಇಲ್ಲದಿದ್ದರೆ ಚೆನ್ನಾಗಿ ಕುದಿಸಿ ಬಟ್ಟೆಯಲ್ಲಿ ಸೋಸಬಹುದು. ಗಟ್ಟಿ ಭಾಗ ಪಲ್ಯಕ್ಕೆ, ನೀರು ಚಪಾತಿ ಹಿಟ್ಟು ಕಲಸಲು ಆಗುತ್ತದೆ.

ಇವನ್ನು ಉಳಿಸಬೇಡಿ

ಮೇಲಿನ ಮೂರರಲ್ಲೂ ಕೆಟ್ಟದ್ದು ರುಚಿ ಅಥವಾ ರೂಪ. ಬೂಷ್ಟು ಹಿಡಿದರೆ ಕೆಡುವುದು ಆಹಾರವೇ. ಶೇಂಗಾ, ಮೆಕ್ಕೆಜೋಳಗಳು ತೇವದಲ್ಲಿ ಉಳಿದರೆ ಕೆಲವು ಶಿಲೀಂಧ್ರಗಳು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. 1974ರಲ್ಲಿ ರಾಜಸ್ಥಾನ, ಗುಜರಾತ್‌ಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 100ಕ್ಕೂ ಹೆಚ್ಚು ಜನ ಸತ್ತರು. ತೊಳೆದರೂ ಬೇಯಿಸಿದರೂ ಈ ವಿಷ ಪೂರ್ತಿ ಹೋಗದು.

ಉಳಿದ ಅನ್ನದ ಬಗ್ಗೆಯೂ ಎಚ್ಚರವಿರಲಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಅನ್ನ ಬೆಂದರೂ ಅವು ಉಳಿದುಕೊಳ್ಳುತ್ತವೆ. ಅನ್ನ ಬಹಳ ಹೊತ್ತು ಬೆಚ್ಚಗಿದ್ದರೆ ಬ್ಯಾಕ್ಟೀರಿಯಾಗಳು ಬೆಳೆದು ವಿಷ ಉತ್ಪಾದಿಸುತ್ತವೆ. ಬೆಳಗ್ಗೆ ಒಗ್ಗರಣೆ ಹಾಕಿ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹೋಗದು. ಚಿತ್ರಾನ್ನಕ್ಕೆ ಉಳಿಸುವ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ ಇಲ್ಲದಿದ್ದರೆ ಬೇಕಾದಷ್ಟೇ ಬೇಯಿಸುವುದು ಲೇಸು.

ಮಾಡಿ ನೋಡಿ

ಒಂದು ಲೋಟ ಕುಡಿಯುವ ನೀರಿನಲ್ಲಿ ಒಂದು ಚಮಚ ಉಪ್ಪು ಕರಗಿಸಿ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಅರ್ಧವನ್ನು ಇನ್ನೊಂದು ಲೋಟಕ್ಕೆ ಸುರಿದು, ಅದನ್ನು ನೀರಿನಿಂದ ತುಂಬಿಸಿ. ಮತ್ತೆ ರುಚಿ ನೋಡಿ. ಹೀಗೆಯೇ ಮುಂದುವರಿಸಿ. ಎಷ್ಟನೆಯ ಲೋಟದಲ್ಲಿ ಉಪ್ಪಿನ ರುಚಿ ತಿಳಿಯದಾಯಿತು? ಅಲ್ಲಿ ಉಪ್ಪು ನಿಜವಾಗಿಯೂ ಇಲ್ಲವೇ?

ಯೋಚಿಸಿ

1. ಸಾರಿಗೆ ನಿಂಬೆರಸ ಹೆಚ್ಚಾದರೆ ಏನು ಮಾಡುವಿರಿ? ಏಕೆ?
2. ಬೂಷ್ಟು ಹಿಡಿದ ಶೇಂಗಾವನ್ನು ಹುರಿದು ತಿನ್ನೋಣ ಎಂದು ಗೆಳೆಯ ಹೇಳಿದರೆ ಅವನಿಗೆ ಹೇಗೆ ತಿಳಿಹೇಳುವಿರಿ?